ನಮ್ಮ ಸೀಮೆಯಲ್ಲಿ ಶಿಶುಶೌಚದ ವಾಡಿಕೆ

ಈ ಲೇಖನದ ತಲೆಬರಹವನ್ನು ಕಂಡು ವಾಚಕರಲ್ಲಿ ಕೆಲವರು ಮೂಗು ಮುರಿಯಬಹುದು. ಸೋದೆಯ ಅರಸರು, ಬನವಾಸಿಯ ಶಾಸನಗಳು, ತೋಟಗಳ ತೀರ್ವೆ ಮುಂತಾದ ಗಂಭೀರ ವಿಷಯಗಳು ಬರತಕ್ಕ ಪುಟಗಳಲ್ಲಿ ಎಳೆಗೂಸಿನ ಮಲಮೂತ್ರಗಳ ಮಾತೇಕೆಂದು ಅವರು ಕೇಳಿದರೆ ಆ ಪ್ರಶ್ನೆಯು ಅನ್ಯಾಯದ್ದೆಂದು ನಾನು ಹೇಳಲಾರೆನು. ಆದರೆ ಸೋದೆಯ ಅರಸನೂ ಒಂದು ಕಾಲಕ್ಕೆ ಯಾವಳೋ ಒಬ್ಬ ಮುದುಕಿಯ ಕಾಲುಗಳ ಮೇಲೆ ಕುಳಿತು ಆ ಕಾರ್ಯವನ್ನು ಕಲಿತವನೇ ಇರಬೇಕು. ಅರಸನ ಹೆಸರು ಶಾಸನದಲ್ಲಿ ಉಳಿದಿದೆ. ಮುದುಕಿಯ ವಿದ್ಯೆಯಾದರೋ ನಮ್ಮ ಕಣ್ಣೆದುರಿಗೇ ಅಳಿಯುತ್ತಲಿದೆ.

ಇದನ್ನು ಬರೆಯಲು ಕಾರಣವಾದುದು ನನ್ನ ಸೊಸೆಯ ಒಂದು ಪ್ರಶ್ನೆ. ಮಗನೂ ಸೊಸೆಯೂ ಬೆಂಗಳೂರಿನಲ್ಲಿ ಉದ್ಯೋಗಸ್ಥರು. ಮೊಮ್ಮಗಳಿಗೆ ಐದು ತಿಂಗಳು ತುಂಬಿದಾಗ ಅವರು ವಜ್ರಳ್ಳಿಯ ಮನೆಗೆ ಬಂದರು. ಮಗುವಿನ ಸೊಂಟಕ್ಕೆ ಅಂಗಡಿಯ ಡೈಪರು ಕಟ್ಟಿದ್ದನ್ನು ಕಂಡು ನಾನು, ಮುದುಕರ ಸ್ವಭಾವಕ್ಕೆ ಅನುಸಾರವಾಗಿ, ‘ನಮ್ಮ ಕಾಲದಲ್ಲಿ ಇಂಥದೇನೂ ಇರಲಿಲ್ಲ’ ಎಂದುಬಿಟ್ಟೆನು. ಮಾತಿನಲ್ಲಿ ಸ್ವಲ್ಪ ಚುಚ್ಚು ಇತ್ತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಸೊಸೆಯು ಸಿಟ್ಟಾಗಲಿಲ್ಲ. ‘ಹಾಗಾದರೆ ಆಗ ಹೇಗೆ ಮಾಡುತ್ತಿದ್ದರು, ಮಾವ? ನನಗೂ ಹೇಳಿಕೊಡಿ’ ಎಂದು ಶಾಂತವಾಗಿ ಕೇಳಿದಳು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದ ನನಗೆ ಉತ್ತರ ಹೊಳೆಯಲಿಲ್ಲ. ಕಂಡಿದ್ದೆನು, ಕೈಯಿಂದ ಮಾಡಿರಲಿಲ್ಲ. ನನ್ನ ಗೃಹಿಣಿಯು ಈಗ ಇಲ್ಲ. ಇದ್ದಿದ್ದರೆ ಈ ಪ್ರಶ್ನೆಯು ನನ್ನವರೆಗೆ ಬರುತ್ತಲೇ ಇರಲಿಲ್ಲ. ಆ ದಿನದಿಂದ ನೆನಪಿನಲ್ಲಿದ್ದುದನ್ನೂ, ಓದಿದ್ದನ್ನೂ, ನೆರೆಮನೆಯ ಹಿರಿಯರಿಂದ ಕೇಳಿದ್ದನ್ನೂ ಕೂಡಿಸಿ ಬರೆದಿಟ್ಟಿದ್ದೇನೆ.

ನಮ್ಮ ಮನೆಯಲ್ಲಿ ಈ ವಿದ್ಯೆಯ ಅಧಿಕಾರಿಣಿಯಾಗಿದ್ದವಳು ನಮ್ಮ ಅಜ್ಜನ ತಂಗಿ. ಬಾಲ್ಯದಲ್ಲಿಯೇ ವೈಧವ್ಯ ಬಂದು ತವರಿಗೆ ಮರಳಿದವಳು. ತಂದೆಗೆ ಅತ್ತೆಯಾದುದರಿಂದ ಮನೆಮಂದಿಗೆಲ್ಲ ಅವಳು ‘ಅತ್ತೆ’ಯೇ ಆಗಿದ್ದಳು. ಸ್ವಂತ ಮಕ್ಕಳಿಲ್ಲದ ಆಕೆಯ ಕಾಲುಗಳ ಮೇಲೆ ಬೆಳೆದ ಮಕ್ಕಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. 1960ರ ದಶಕದ ಕೊನೆಯಲ್ಲಿ ನನ್ನ ತಮ್ಮತಂಗಿಯರನ್ನೂ ಚಿಕ್ಕಪ್ಪನ ಮಕ್ಕಳನ್ನೂ ಆಕೆಯು ನೋಡಿಕೊಂಡ ಬಗೆಯು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಬೆಳಿಗ್ಗೆ ಶಿಶುವು ತೊಟ್ಟಿಲಲ್ಲಿ ಮಿಸುಕಿತೋ, ಅಳುವುದಕ್ಕೆ ಮೊದಲೇ ಅತ್ತೆಯು ಅದನ್ನು ಎತ್ತಿಕೊಂಡು ಬಚ್ಚಲಿಗೆ ಹೋಗುವಳು. ಅಲ್ಲಿ ಮಣೆಯ ಮೇಲೆ ಕುಳಿತು ಎರಡೂ ಕಾಲುಗಳನ್ನು ನೀಡಿ, ಪಾದಗಳ ನಡುವೆ ಸ್ವಲ್ಪ ಅಂತರ ಬಿಟ್ಟು, ಆ ಅಂತರದ ಮೇಲೆ ಶಿಶುವನ್ನು ಕುಳ್ಳಿರಿಸುವಳು. ಅದರ ಬೆನ್ನಿಗೆ ಆಕೆಯ ಮೊಳಕಾಲುಗಳೇ ಒರಗು, ಕಂಕುಳಿಗೆ ಕೈಗಳೇ ಆಧಾರ. ಬಳಿಕ ತುಟಿಗಳ ನಡುವಿನಿಂದ ‘ಸ್ಸ್ ಸ್ಸ್’ ಎಂಬ ಸಣ್ಣ ಧ್ವನಿ. ಎಣ್ಣೆಸ್ನಾನಕ್ಕೂ ಇದೇ ಆಸನವೇ ಆದುದರಿಂದ ಹುಟ್ಟಿದ ಕೆಲವು ದಿನಗಳಲ್ಲಿಯೇ ಮಗುವಿಗೆ ಅದರ ಪರಿಚಯವಾಗಿರುತ್ತಿತ್ತು. ಮಲವಿಸರ್ಜನೆಯಾಗುವ ಸೂಚನೆಯಿದ್ದರೆ ಕೆಳಗೆ ಒಂದು ತುಂಡು ಅಡಿಕೆಯ ಹಾಳೆಯನ್ನಿಟ್ಟು, ಕೆಲಸ ಮುಗಿದೊಡನೆ ಒಲೆಯ ಬೂದಿಯನ್ನು ಮೇಲೆ ಉದುರಿಸಿ, ಹಾಳೆಯ ಸಮೇತ ಗೊಬ್ಬರಗುಂಡಿಗೆ ಹಾಕುತ್ತಿದ್ದರು. ಮಗುವಿಗೆ ಬಿಸಿನೀರು, ಒರಸಲಿಕ್ಕೆ ಹಳೆಯ ಪಂಚೆಯ ಚೂರು. ಇಷ್ಟಕ್ಕೆ ಹತ್ತು ನಿಮಿಷವೂ ಹಿಡಿಯುತ್ತಿರಲಿಲ್ಲ.

ಇದರಲ್ಲಿ ವಿದ್ಯೆಯೇನಿದೆ ಎನ್ನುವವರು ಉಂಟು. ವಿದ್ಯೆಯಿದ್ದುದು ಕಾಲುಗಳಲ್ಲಲ್ಲ, ಕಣ್ಣಿನಲ್ಲಿ. ಆಡುತ್ತಿದ್ದ ಮಗುವು ಇದ್ದಕ್ಕಿದ್ದಂತೆ ಸುಮ್ಮನಾಗಿ ಎಲ್ಲಿಯೋ ನೋಡುವುದು, ಮೊಲೆಯುಣ್ಣುತ್ತಿದ್ದುದು ಬಾಯಿ ಬಿಟ್ಟು ಮುಖ ತಿರುಗಿಸುವುದು, ಕಾಲುಗಳನ್ನು ಹೊಟ್ಟೆಯ ಕಡೆಗೆ ಎಳೆದುಕೊಳ್ಳುವುದು, ಮೈ ಒಮ್ಮೆ ಝುಮ್ಮೆನ್ನುವುದು, ಹಸಿವಿನ ಅಳುವಿಗಿಂತ ಬೇರೆಯಾದ ಒಂದು ಮೊಟಕು ಕುಂಯ್‌ಗುಟ್ಟುವಿಕೆ, ಇವನ್ನು ಆಕೆಯು ಅಕ್ಕಿ ಆರಿಸುತ್ತ ಕುಳಿತಲ್ಲಿಂದಲೇ ಗುರುತಿಸುತ್ತಿದ್ದಳು. ‘ಎತ್ತೇ ತಂಗಿ, ಈಗ ಬತ್ತು’ ಎಂದು ನನ್ನ ತಾಯಿಗೆ ಕೂಗಿ ಹೇಳಿದರೆ ಆ ಮಾತು ಸುಳ್ಳಾದುದು ಅಪರೂಪ. ನಿದ್ದೆಯಿಂದ ಎದ್ದೊಡನೆ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ, ಎಣ್ಣೆ ಹಚ್ಚುವ ಮೊದಲು, ತೊಟ್ಟಿಲಿಗೆ ಹಾಕುವ ಮೊದಲು ತಪ್ಪದೆ ಹಿಡಿಯಬೇಕೆಂಬುದು ಆಕೆಯ ಸೂತ್ರ. ಹೊಟ್ಟೆ ತುಂಬಿದೊಡನೆ ಕೆಳಗಿನ ಕರುಳು ಚಲಿಸುವುದೆಂದು ಇಂದಿನ ವೈದ್ಯರು ವಿವರಿಸುತ್ತಾರೆ; ಎಳೆಗೂಸು ನಿದ್ದೆಯಲ್ಲಿಯೂ ಮೂತ್ರಕ್ಕೆ ಮೊದಲು ಅರೆ ಎಚ್ಚರಗೊಳ್ಳುವುದೆಂದೂ ಅವರು ಕಂಡುಕೊಂಡಿದ್ದಾರೆ. ಅತ್ತೆಗೆ ಈ ವಿವರಣೆಗಳಾವುವೂ ತಿಳಿದಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ತಪ್ಪಿಹೋದ ಹೊತ್ತುಗಳೂ ಇರುತ್ತಿದ್ದವು. ಜಗಲಿ ಒದ್ದೆಯಾಗುವುದು, ಅಜ್ಜನ ಮಡಿಪಂಚೆ ಒದ್ದೆಯಾಗುವುದು ದಿನನಿತ್ಯದ ಸಂಗತಿಗಳೇ. ಆದರೆ ಅದಕ್ಕಾಗಿ ಮಗುವನ್ನು ಗದರಿಸಿದ್ದನ್ನು ನಾನು ಕಂಡಿಲ್ಲ. ‘ತಪ್ಪು ಮಗುವಿನದಲ್ಲ, ನೋಡದೆ ಇದ್ದವರದು’ ಎಂದು ಅತ್ತೆಯು ಹೇಳುತ್ತಿದ್ದಳು. ಹರಿದಾಡುವ ವಯಸ್ಸಿಗೆ ಮಗುವು ತಾನೇ ಬಚ್ಚಲ ಕಡೆಗೆ ಮುಖ ಮಾಡುತ್ತಿತ್ತು. ನಡೆಯಲು ಕಲಿತ ಮೇಲೆ ಅಂಗಳದ ಅಂಚಿಗೆ ಹೋಗುತ್ತಿತ್ತು. ರಾತ್ರಿಯ ಹಾಸಿಗೆ ಮಾತ್ರ ಎರಡು ಮೂರು ವರ್ಷದವರೆಗೂ ನಂಬತಕ್ಕದ್ದಾಗಿರಲಿಲ್ಲ. ಇದನ್ನು ಮರೆಮಾಚಿ ಹಳೆಯ ಕಾಲವನ್ನು ಹೊಗಳುವುದು ಸತ್ಯಕ್ಕೆ ಒಪ್ಪುವ ಮಾತಲ್ಲ.

ಈ ವಾಡಿಕೆಯು ನಮ್ಮಲ್ಲಿ ಇಷ್ಟು ಬಲವಾಗಿ ನೆಲೆನಿಲ್ಲಲು ನಮ್ಮ ಸೀಮೆಯ ಮಳೆಯೇ ಒಂದು ಕಾರಣವೆಂದು ನನಗೆ ತೋರುತ್ತದೆ. ಘಟ್ಟದ ಅಂಚಿನಲ್ಲಿ ಜೂನಿನಿಂದ ಸಪ್ಟಂಬರದವರೆಗೆ ಬಟ್ಟೆ ಒಣಗುವುದೆಂಬುದು ಒಂದು ದೊಡ್ಡ ಪ್ರಶ್ನೆ. ಒದ್ದೆ ಬಟ್ಟೆಗಳನ್ನು ಬಚ್ಚಲೊಲೆಯ ಮೇಲಿನ ಬಿದಿರ ಗಳುಗಳಿಗೆ ಹಾಕಿ ಹೊಗೆಯಲ್ಲಿ ಒಣಗಿಸಬೇಕು. ದಿನಕ್ಕೆ ಇಪ್ಪತ್ತು ಸಲ ಒದ್ದೆಮಾಡುವ ಶಿಶುವಿಗೆ ಇಪ್ಪತ್ತು ಬಟ್ಟೆ ಎಲ್ಲಿಂದ ತರುವುದು? ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ ಸರಕಾರವು ಬಟ್ಟೆಯ ಮೇಲೆ ನಿಯಂತ್ರಣ ತಂದ ತರುವಾಯ, ಹಳೆಯ ಸೀರೆಯ ಚೂರಿಗೂ ಬೆಲೆ ಬಂದಿತ್ತೆಂದು ಹಿರಿಯರು ಹೇಳುತ್ತಿದ್ದರು. ಆದುದರಿಂದ ಮಗುವಿನ ಸೊಂಟಕ್ಕೆ ಉಡಿದಾರದ ಹೊರತು ಬೇರೇನೂ ಇರುತ್ತಿರಲಿಲ್ಲ. ನೆಲವು ಸಗಣಿ ಸಾರಿಸಿದ್ದು. ಒದ್ದೆಯಾದಲ್ಲಿ ಒರಸಿ ಪುನಃ ಸಾರಿಸಿದರೆ ಮುಗಿಯಿತು. ಬಚ್ಚಲ ನೀರು ಹಿತ್ತಿಲ ಬಾಳೆಗೂ ಕೆಸುವಿಗೂ ಹರಿಯುತ್ತಿತ್ತು. ಸಿಮೆಂಟಿನ ನೆಲ, ನೆಲಗಂಬಳಿ, ಮಹಡಿಯ ಮೇಲಿನ ಎರಡು ಕೋಣೆಯ ಬಿಡಾರ, ಇವುಗಳಲ್ಲಿ ಅತ್ತೆಯ ಶಾಸ್ತ್ರವು ಎಷ್ಟರ ಮಟ್ಟಿಗೆ ನಡೆಯುತ್ತಿತ್ತೋ ನಾನು ಹೇಳಲಾರೆನು.

ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸರಿಗೆ ಅತ್ತೆಯಂಥವರು ಒದಗಿರುತ್ತಿರಲಿಲ್ಲ. ಅವರು ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸಿ, ಕೆಲಸದ ನಡುವೆ ಆಗಾಗ ಬಂದು ಎತ್ತಿ ಹಿಡಿದು ಹೋಗುತ್ತಿದ್ದರು. ನಮ್ಮ ತಾಲೂಕಿನ ಸಿದ್ದಿ ಹೆಂಗಸರು ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹೊಲಿದು ಮಾಡುವ ಕವಂದಿಯು ಇತ್ತೀಚೆಗೆ ಅಮೆರಿಕದ ಪ್ರದರ್ಶನಗಳಲ್ಲಿ ಕೂಡ ಮೆಚ್ಚುಗೆ ಪಡೆದಿದೆ. ಅದರಲ್ಲಿ ತೊಟ್ಟಿಲಿಗೆಂದೇ ಹೊಲಿದ ಸಣ್ಣ ಕವಂದಿಗಳೂ ಉಂಟು. ಗೋಡೆಯ ಮೇಲೆ ಅದನ್ನು ತೂಗುಹಾಕಿ ಬಣ್ಣಗಳನ್ನು ಹೊಗಳುವವರು, ಮೊದಲಿಗೆ ಅದು ಒದ್ದೆಯಾಗುವ ಹಾಸಿಗೆಯಾಗಿತ್ತೆಂಬುದನ್ನೂ ನೆನೆದರೆ ಒಳ್ಳೆಯದು.

ಈ ಆಚಾರದ ಪ್ರಾಚೀನತೆಗೆ ನಮ್ಮ ಭಾಷೆಯೇ ಒಂದು ಸಾಕ್ಷಿ. ತಾಯಿಯು ಮಗುವಿಗೆ ಉಣಿಸುತ್ತಾಳೆ, ಕುಡಿಸುತ್ತಾಳೆ, ಮೀಯಿಸುತ್ತಾಳೆ, ಮಲಗಿಸುತ್ತಾಳೆ. ಅದೇ ಸಾಲಿನಲ್ಲಿ ಉಚ್ಚೆ ‘ಹೊಯ್ಸು’ತ್ತಾಳೆ. ಇವೆಲ್ಲ ಪ್ರೇರಣಾರ್ಥಕ ಕ್ರಿಯಾಪದಗಳು. ಒಬ್ಬರು ಮಾಡುವುದನ್ನು ಮತ್ತೊಬ್ಬರು ಮಾಡಿಸುವ ವ್ಯವಹಾರವು ಜನರಲ್ಲಿ ರೂಢಿಯಲ್ಲಿಲ್ಲದಿದ್ದರೆ ಇಂಥ ಪದವು ಮನೆಮಾತಿನಲ್ಲಿ ಇಷ್ಟು ಸಹಜವಾಗಿ ಬಳಕೆಯಾಗುತ್ತಿರಲಿಲ್ಲ. ವ್ಯಾಕರಣವನ್ನು ಕಲಿಸುವಾಗ ಈ ಉದಾಹರಣೆಯನ್ನು ನಾನು ತರಗತಿಯಲ್ಲಿ ಎಂದೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಹುಡುಗರು ಣಿಜಂತವನ್ನು ಜನ್ಮದಲ್ಲಿ ಮರೆಯುತ್ತಿರಲಿಲ್ಲ.

ಇನ್ನು ಶಾಸ್ತ್ರಗಳ ಮಾತು. ಪಾಠಶಾಲೆಯಲ್ಲಿ ಗೌತಮ ಧರ್ಮಸೂತ್ರವನ್ನು ಓದುವಾಗ ಒಂದೆಡೆ ನಾವು ಹುಡುಗರೆಲ್ಲ ನಕ್ಕಿದ್ದು ನೆನಪಿದೆ. ಧರ್ಮಸೂತ್ರಗಳಲ್ಲಿ ಅತ್ಯಂತ ಹಳೆಯವುಗಳಲ್ಲೊಂದೆಂದು ವಿದ್ವಾಂಸರು ಎಣಿಸುವ ಆ ಗ್ರಂಥದ ಎರಡನೆಯ ಅಧ್ಯಾಯದ ಆರಂಭದಲ್ಲಿಯೇ, ಉಪನಯನಕ್ಕೆ ಮೊದಲು ಬಾಲಕನ ನಡೆ, ನುಡಿ, ಊಟಗಳಿಗೆ ನಿರ್ಬಂಧವಿಲ್ಲವೆಂದೂ, ಮಲಮೂತ್ರಗಳನ್ನು ಅವನು ಒದಗಿದಂತೆ ಮಾಡಬಹುದೆಂದೂ, ಅವನಿಗೆ ಆಚಮನದ ವಿಧಿಯಿಲ್ಲವೆಂದೂ ಹೇಳಿದೆ. ಒರಸುವುದು, ತೊಳೆಯುವುದು, ನೀರು ಚಿಮುಕಿಸುವುದು ಇಷ್ಟೇ ಸಾಕು. ಅವನನ್ನು ಮುಟ್ಟಿದವರಿಗೆ ಅಶೌಚವೂ ಇಲ್ಲ. ಅಂದು ನಕ್ಕವನಿಗೆ ಇಂದು ಅದರ ಗುರುತ್ವವು ತಿಳಿಯುತ್ತದೆ. ನೀರಿನ ತಂಬಿಗೆ ಹಿಡಿಯುವುದಕ್ಕೂ ನಿಯಮ ಬರೆದ ಧರ್ಮಶಾಸ್ತ್ರಕಾರರು ಮಗುವಿನ ಬಾಗಿಲಿಗೆ ಬಂದು ಲೇಖನಿಯನ್ನು ಕೆಳಗಿಟ್ಟರು. ಮಡಿಹೆಂಗಸಾಗಿದ್ದ ನಮ್ಮ ಅತ್ತೆಯು ಇಡೀ ದಿನ ಮಕ್ಕಳನ್ನು ಎತ್ತಿ ಆಡಿಸಲು ಸಾಧ್ಯವಾದುದು ಈ ಸಡಿಲಿಕೆಯಿಂದಲೇ. ಆಕೆಗೆ ಆ ಸೂತ್ರ ಗೊತ್ತಿರಲಿಲ್ಲವೆಂಬುದು ಬೇರೆ ಮಾತು.

ವೈದ್ಯಗ್ರಂಥಗಳು ಇದಕ್ಕಿಂತ ವಿವರವಾಗಿವೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಕುಮಾರಾಗಾರ, ಎಂದರೆ ಶಿಶುವಿನ ಮನೆ, ಹೇಗಿರಬೇಕೆಂಬ ವರ್ಣನೆಯುಂಟು. ನೀರು, ಒರಳು, ಸ್ನಾನದ ನೆಲ, ಅಡಿಗೆಮನೆಗಳ ಜೊತೆಗೆ ಮಲಮೂತ್ರಗಳಿಗೂ ಅಲ್ಲಿ ಸ್ಥಳವನ್ನು ವಿಂಗಡಿಸಿರಬೇಕು. ಹಾಸಿಗೆ ಹೊದಿಕೆಗಳು ಮೃದುವಾಗಿಯೂ ಹಗುರವಾಗಿಯೂ ಶುಚಿಯಾಗಿಯೂ ಇರಬೇಕು. ಮಲಮೂತ್ರ ತಗಲಿದವನ್ನು ಬಿಡಬೇಕು. ಬೇರೆ ಬಟ್ಟೆ ಇಲ್ಲದವರು ಅವನ್ನೇ ಚೆನ್ನಾಗಿ ಒಗೆದು, ಧೂಪ ಹಾಕಿ, ಒಣಗಿಸಿ ಬಳಸಬಹುದು. ಆ ಧೂಪಕ್ಕೆ ಜವೆ, ಸಾಸಿವೆ, ಅಗಸೆ, ಇಂಗು, ಗುಗ್ಗುಳ, ಬಜೆ ಮುಂತಾದವನ್ನು ತುಪ್ಪದೊಂದಿಗೆ ಹೇಳಿದ್ದಾರೆ. ‘ಬೇರೆ ಇಲ್ಲದಿದ್ದರೆ’ ಎಂಬ ಆ ಒಂದು ಮಾತಿನಲ್ಲಿ ಬಡವರ ಮನೆಯನ್ನೂ ಕಂಡ ವೈದ್ಯನೊಬ್ಬನು ನನಗೆ ಕಾಣಿಸುತ್ತಾನೆ. ಅದೇ ಅಧ್ಯಾಯದಲ್ಲಿ, ಮಗುವು ಅತ್ತರೂ ಉಣ್ಣದಿದ್ದರೂ ಹೇಳಿದಂತೆ ಕೇಳದಿದ್ದರೂ ರಾಕ್ಷಸ ಪಿಶಾಚ ಪೂತನೆಯರ ಹೆಸರು ಹೇಳಿ ಹೆದರಿಸಕೂಡದೆಂದು ಕಟ್ಟಪ್ಪಣೆಯುಂಟು. ‘ಗುಮ್ಮ ಬಂದ’ ಎನ್ನುವ ನಮ್ಮ ಜನರು ಇದನ್ನು ಗಮನಿಸಬೇಕು.

ಸಂಜ್ಞೆಗಳನ್ನು ಓದುವ ವಿಷಯದಲ್ಲಿ ಕಾಶ್ಯಪಸಂಹಿತೆಯು ವಿಶಿಷ್ಟವಾದುದು. ಬಾಲಚಿಕಿತ್ಸೆಯ ಈ ಪ್ರಾಚೀನ ಗ್ರಂಥವು ನೇಪಾಳದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ 1938ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಅಚ್ಚಾಯಿತು. ಗ್ರಂಥದ ಬಹುಭಾಗ ನಷ್ಟವಾಗಿದ್ದರೂ ವೇದನಾಧ್ಯಾಯವು ಉಳಿದುಬಂದಿರುವುದು ನಮ್ಮ ಪುಣ್ಯ. ಮಾತು ಬಾರದ ಶಿಶುವಿಗೆ ಎಲ್ಲಿ ನೋವೆಂಬುದನ್ನು ಅದರ ಚೇಷ್ಟೆಗಳಿಂದ ತಿಳಿಯುವ ಬಗೆಯನ್ನು ಅಲ್ಲಿ ಹೇಳಿದೆ. ಮೂತ್ರ ಕಟ್ಟಿದ ಶಿಶುವಿಗೆ ರೋಮಾಂಚವಾಗುವುದು, ಅದು ತುಟಿ ಕಚ್ಚುವುದು, ಕೈಯಿಂದ ಕಿಬ್ಬೊಟ್ಟೆಯನ್ನು ಮುಟ್ಟುವುದು ಇತ್ಯಾದಿ. ಇಂಥ ಲಕ್ಷಣಗಳನ್ನು ಋಷಿಯು ತಾನೇ ತೊಟ್ಟಿಲ ಬಳಿ ಕುಳಿತು ಕಂಡುಕೊಂಡನೆಂದು ನಂಬುವುದು ಕಷ್ಟ. ಯಾವುದೋ ಮನೆಯ ದಾದಿಯೋ ಅಜ್ಜಿಯೋ ಹೇಳಿದ್ದನ್ನು ಆತನು ಶ್ಲೋಕಕ್ಕೆ ಇಳಿಸಿರಬೇಕೆಂದು ನನ್ನ ಊಹೆ.

ಪಶ್ಚಿಮದೇಶಗಳ ಕಥೆಯು ಬೇರೆ ದಾರಿ ಹಿಡಿಯಿತು. ಅಲ್ಲಿಯೂ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಎಳೆಗೂಸನ್ನು ಬೇಗನೆ ಅಭ್ಯಾಸ ಮಾಡಿಸುತ್ತಿದ್ದರು. ಆದರೆ ಗಡಿಯಾರವನ್ನು ನೋಡಿ, ಕಟ್ಟುನಿಟ್ಟಿನಿಂದ. ಇಂಥ ಗಟ್ಟಿಹಿಡಿತವು ಮಗುವಿನ ಮನಸ್ಸನ್ನು ಕೆಡಿಸುವುದೆಂಬ ಶಂಕೆ ಆ ಮೇಲೆ ಬೆಳೆಯಿತು. 1962ರಲ್ಲಿ ಅಮೆರಿಕದ ಬ್ರೇಜಲ್ಟನ್ ಎಂಬ ವೈದ್ಯನು 1,170 ಮಕ್ಕಳ ವಿವರವನ್ನು ಪ್ರಕಟಿಸಿ, ಮಗುವು ತಾನಾಗಿ ಸಿದ್ಧವಾಗುವವರೆಗೆ ಕಾಯಬೇಕೆಂದು ವಾದಿಸಿದನು. ಆ ಮಕ್ಕಳು ಹಗಲಿನ ಅಭ್ಯಾಸವನ್ನು ಸರಾಸರಿ 28½ ತಿಂಗಳಿಗೆ ಪೂರೈಸಿದ್ದವು. ಅದಕ್ಕೆ ಒಂದು ವರ್ಷ ಮೊದಲು, 1961ರಲ್ಲಿ, ಪ್ಯಾಂಪರ್ಸ್ ಎಂಬ ಬಿಸಾಡುವ ಡೈಪರು ಅಲ್ಲಿನ ಪೇಟೆಗೆ ಬಂದಿತ್ತು. ಕಾಯಬೇಕೆಂಬ ವೈದ್ಯನ ಮಾತೂ, ಕಾಯಲು ಅನುಕೂಲವಾದ ಸರಕೂ ಏಕಕಾಲಕ್ಕೆ ಕೂಡಿಬಂದವು. ವೈದ್ಯನು ಮಕ್ಕಳ ಮೇಲಿನ ಬಲಾತ್ಕಾರವನ್ನು ವಿರೋಧಿಸಿದ್ದು ಯೋಗ್ಯವೇ. ಆದರೆ ನಮ್ಮ ಅತ್ತೆಯ ಕ್ರಮದಲ್ಲಿ ಬಲಾತ್ಕಾರವೆಲ್ಲಿತ್ತು? ಅಲ್ಲಿ ಅಭ್ಯಾಸ ಮಾಡಬೇಕಾದವರು ದೊಡ್ಡವರು.

1977ರಲ್ಲಿ ಡಿವ್ರೀಸ್ ದಂಪತಿಗಳು ಪೂರ್ವ ಆಫ್ರಿಕದ ಕರಾವಳಿಯ ಡಿಗೋ ಎಂಬ ಜನರ ವಿಷಯವಾಗಿ ಬರೆದರು. ಅಲ್ಲಿನ ತಾಯಂದಿರು ಎರಡು ಮೂರು ವಾರದ ಶಿಶುವನ್ನೇ ಕಾಲುಗಳ ನಡುವೆ ಕುಳ್ಳಿರಿಸಿ ಧ್ವನಿ ಮಾಡಿ ಅಭ್ಯಾಸ ಮಾಡಿಸುವರು. ನಾಲ್ಕರಿಂದ ಆರು ತಿಂಗಳಿಗೆ ಮಗುವು ಬಹುಮಟ್ಟಿಗೆ ಒಣಗಿರುವುದು. ಇದನ್ನೋದಿದಾಗ ನಾನು ಬೆರಗಾದೆನು. ಕುಳಿತ ಭಂಗಿಯೂ ಧ್ವನಿಯೂ ನಮ್ಮ ಬಚ್ಚಲಿನದೇ. ನಮ್ಮ ಸಿದ್ದಿಗಳ ಪೂರ್ವಜರು ಆಫ್ರಿಕದಿಂದ ಬಂದವರೆಂಬುದನ್ನು ನೆನೆದು ಯಾರಾದರೂ ಇದಕ್ಕೂ ಅದಕ್ಕೂ ಗಂಟುಹಾಕಬಹುದು. ನಾನು ಆ ಸಾಹಸಕ್ಕೆ ಹೋಗುವುದಿಲ್ಲ. ವಿಯೆಟ್ನಾಮಿನ 47 ತಾಯಂದಿರನ್ನು ಕೇಳಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಹುಟ್ಟಿನಿಂದಲೇ ಅಭ್ಯಾಸ, ಸಿಳ್ಳಿನ ಧ್ವನಿ ಇವೇ ಇವೆ. ಚೀನದ ಮಕ್ಕಳ ಚಡ್ಡಿಗೆ ಅಡಿಯಲ್ಲಿ ಸೀಳು ಬಿಡುತ್ತಿದ್ದುದೂ ಪ್ರಸಿದ್ಧವೇ. ಮನುಷ್ಯಶಿಶುವೂ ಮನುಷ್ಯರ ಕಾಲುಗಳೂ ಎಲ್ಲೆಡೆಗೂ ಒಂದೇ ಆಕಾರದವಾದುದರಿಂದ ಬೇರೆ ಬೇರೆ ಕಡೆ ಒಂದೇ ಉಪಾಯವು ಹೊಳೆದಿರಬೇಕು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮತ್ತೊಂದು ಸಂಗತಿ. ಅಮೆರಿಕದ ಲಾರೀ ಬೌಕೆ ಎಂಬಾಕೆಯು ತನ್ನ ಮೂರನೆಯ ಮಗನನ್ನು ಬೆಳೆಸುವಾಗ ಈ ಕ್ರಮವನ್ನು ಒಬ್ಬ ಭಾರತೀಯ ಮಹಿಳೆಯಿಂದ ಕಲಿತು, ಅನಂತರ ಪುಸ್ತಕಗಳನ್ನು ಬರೆದಳು. 2001ರಲ್ಲಿ ಇಂಗ್ರಿಡ್ ಬಾವರ್ ಎಂಬಾಕೆಯು ಬರೆದ ಪುಸ್ತಕದಿಂದ ‘ಎಲಿಮಿನೇಶನ್ ಕಮ್ಯುನಿಕೇಶನ್’ ಎಂಬ ಹೆಸರು ಹಬ್ಬಿತು. ಸಂಸ್ಕೃತದಲ್ಲಿ ‘ವಿಸರ್ಜನಸಂಜ್ಞಾವಿನಿಮಯ’ ಎನ್ನಬಹುದು. ಅತ್ತೆಯ ‘ಹಿಡಿಯುವುದು’ ಎಂಬ ಮೂರಕ್ಷರಕ್ಕೆ ಸ್ವಲ್ಪ ಮಿಕ್ಕ ಮಾತೇ ನನಗೆ ಸಾಕು. ನನ್ನ ಸೊಸೆಯು ಈ ವಿಷಯವನ್ನು ಮೊದಲು ಓದಿದ್ದೂ ಆ ಇಂಗ್ಲಿಷ್ ಹೆಸರಿನಿಂದಲೇ. ಬೌಕೆಗೆ ಕಲಿಸಿದ ನಮ್ಮ ದೇಶದ ಆ ಹೆಂಗಸು ಯಾವ ಊರಿನವಳೋ, ಯಾರ ಕಾಲಮೇಲೆ ಬೆಳೆದವಳೋ!

ಇಷ್ಟು ಬರೆದ ಮೇಲೆ ಹಳೆಯ ಕಾಲದ ಇನ್ನೊಂದು ಮುಖವನ್ನೂ ಹೇಳದೆ ಹೋದರೆ ನಾನು ವಕೀಲನಾದೇನೇ ಹೊರತು ಚರಿತ್ರೆಕಾರನಾಗೆನು. ಎಳೆಯ ಮಗುವಿನ ಮಲಕ್ಕೆ ದೋಷವಿಲ್ಲವೆಂಬ ನಂಬಿಕೆಯು ಧರ್ಮದ ದೃಷ್ಟಿಯಿಂದ ಇರಬಹುದು, ಆರೋಗ್ಯದ ದೃಷ್ಟಿಯಿಂದ ಶುದ್ಧ ತಪ್ಪು. ಭೇದಿಯೂ ಜಂತುಹುಳುವೂ ಅದರಿಂದಲೇ ಹರಡುತ್ತವೆ. ಅಂಗಳದ ಅಂಚಿಗೂ ಬಾವಿಗೂ ನಡುವೆ ಎಷ್ಟು ದೂರವಿತ್ತೆಂದು ಯಾರೂ ಅಳೆದಿರಲಿಲ್ಲ. ಕಳೆದ ಶತಮಾನದ ಆರಂಭದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು ಇನ್ನೂರು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಆ ಸಂಖ್ಯೆಯು 28 ಆಗಿತ್ತು. ಅತ್ತೆಯ ಕಾಲಮೇಲೆ ಕುಳಿತ ಮಕ್ಕಳೆಲ್ಲರೂ ಬೆಳೆದು ದೊಡ್ಡವರಾಗಲಿಲ್ಲ. ನನ್ನ ಬೆನ್ನಿಗೆ ಹುಟ್ಟಿದ ತಂಗಿಯೊಬ್ಬಳು ಹನ್ನೊಂದನೆಯ ತಿಂಗಳಲ್ಲಿ, ಮಳೆಗಾಲದ ಭೇದಿಯಲ್ಲಿ, ಎರಡೇ ದಿನಕ್ಕೆ ಹೋದಳು. ಆ ಎರಡು ದಿನವೂ ಅತ್ತೆಯು ಬಚ್ಚಲಿನಿಂದ ಏಳಲಿಲ್ಲವೆಂದು ತಾಯಿ ಹೇಳುತ್ತಿದ್ದರು.

ಎರಡನೆಯದಾಗಿ, ಈ ವ್ಯವಸ್ಥೆಯ ಬೆಲೆಯನ್ನು ತೆತ್ತವರು ಯಾರು? ಬೆಳಗಿನಿಂದ ರಾತ್ರಿಯವರೆಗೆ ಒಂದು ಮಗುವಿನ ಮುಖವನ್ನೇ ನೋಡುತ್ತಿರಲು ಮನೆಯಲ್ಲಿ ಬೇರೆ ಬದುಕಿಲ್ಲದ ಒಬ್ಬ ಹೆಂಗಸು ಬೇಕಾಗಿತ್ತು. ಆಕೆಗೆ ಬೇರೆ ಬದುಕು ಇರದಂತೆ ಮಾಡಿದವರು ನಾವೇ. ಹತ್ತು ಹನ್ನೆರಡು ವರ್ಷಕ್ಕೆ ವಿಧವೆಯಾದವಳನ್ನು ಪಾಠಶಾಲೆಗೆ ಕಳಿಸುವ ಯೋಚನೆ ಯಾರಿಗೂ ಬರಲಿಲ್ಲ. ಆಸ್ತಿಯ ಕಾಗದಗಳಲ್ಲಿ ಆಕೆಯ ಹೆಸರು ಒಂದೆಡೆಯೂ ಇಲ್ಲ. ನಾನು ಪೆಟ್ಟಿಗೆಯನ್ನೆಲ್ಲ ಹುಡುಕಿ ನೋಡಿದ್ದೇನೆ. ಸೊಸೆಯ ಮುಂದೆ ‘ನಮ್ಮ ಕಾಲದಲ್ಲಿ’ ಎಂದಾಗ ನಾನು ಹೊಗಳಿದ್ದು ಆ ಹೆಂಗಸಿನ ಜಾಣತನವನ್ನು ಮಾತ್ರವಲ್ಲ, ಆಕೆಯ ಸೆರೆಯನ್ನು ಕೂಡ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಹಾಗೆಂದು ಬಿಸಾಡಿದ ಡೈಪರುಗಳು ಹಳ್ಳದ ಬದಿಯ ಪೊದೆಗಳಲ್ಲಿ ಉಬ್ಬಿ ನಿಂತಿರುವುದನ್ನು ಕಂಡಾಗ ಆಗುವ ಹೇಸಿಗೆಯು ಕಡಿಮೆಯಾಗುವುದಿಲ್ಲ. ಅಡಿಕೆಯ ಹಾಳೆಯು ಒಂದು ಮಳೆಗಾಲಕ್ಕೆ ಗೊಬ್ಬರವಾಗುತ್ತಿತ್ತು. ಇದು ನನ್ನ ಮೊಮ್ಮಗಳ ಮೊಮ್ಮಕ್ಕಳ ಕಾಲಕ್ಕೂ ಇದ್ದೀತು.

ಕಡೆಗೆ ಕೆಳಗಿನ ಮನೆಯ ಅಮ್ಮಮ್ಮನನ್ನು ಕರೆತಂದೆವು. ಎಂಬತ್ತು ದಾಟಿದವರು, ಮೊಳಕಾಲು ಮಡಚಲಾರರು, ಆದರೆ ನೀಡಬಲ್ಲರು. ಈ ಕೆಲಸಕ್ಕೆ ನೀಡಿದ ಕಾಲೇ ಬೇಕಷ್ಟೆ. ಮೊದಲ ದಿನ ಮಗುವು ಸುಮ್ಮನೆ ಅವರ ಮುಖ ನೋಡಿತು. ಎರಡನೆಯ ದಿನ ಅತ್ತಿತು. ಮೂರನೆಯ ದಿನ ಬೆಳಿಗ್ಗೆ ಅವರು ‘ಸ್ಸ್’ ಎಂದ ಅರೆನಿಮಿಷಕ್ಕೆ ಕೆಲಸವಾಯಿತು. ಬಾಗಿಲ ಹೊರಗೆ ಪುಸ್ತಕ ಹಿಡಿದು ನಿಂತಿದ್ದ ನಾನು ಸಮಯವನ್ನು ಬರೆದುಕೊಂಡೆನು. ಸೊಸೆಯು ಅಮ್ಮಮ್ಮನ ಎದುರಿಗೆ ಕುಳಿತು, ಹೇಗೆ ಗೊತ್ತಾಯಿತೆಂದು ಕೇಳಿ ಕೇಳಿ ತಿಳಿದುಕೊಂಡಳು. ಅಮ್ಮಮ್ಮನಿಂದ ಹೆಚ್ಚಿನ ಉತ್ತರ ಬರಲಿಲ್ಲ. ‘ನೋಡ್ತಾ ಇರು’ ಎಂದಷ್ಟೇ ಹೇಳಿದರು.

ಈಗ ಅವರು ಬೆಂಗಳೂರಿಗೆ ಮರಳಿದ್ದಾರೆ. ಹಗಲು ಮಗುವನ್ನು ಬಿಡುವ ಶಿಶುವಿಹಾರದಲ್ಲಿ ಡೈಪರು ಇಲ್ಲದೆ ಸೇರಿಸಿಕೊಳ್ಳುವುದಿಲ್ಲ. ಅದು ಅಲ್ಲಿನವರ ತಪ್ಪೂ ಅಲ್ಲ, ಒಬ್ಬಿಬ್ಬರು ಅಷ್ಟೊಂದು ಮಕ್ಕಳನ್ನು ನೋಡಬೇಕು. ಬೆಳಿಗ್ಗೆ ಮತ್ತು ಸಂಜೆ ಮಾತ್ರ ಮನೆಯಲ್ಲಿ ಹಿಡಿಯುತ್ತಾರಂತೆ. ಸಂಜೆಯ ಸರದಿ ಸೊಸೆಯದು, ಬೆಳಗಿನದು ನನ್ನ ಮಗನದು. ನಮ್ಮ ವಂಶದಲ್ಲಿ ಈ ಕೆಲಸಕ್ಕೆ ಕಾಲು ನೀಡಿ ಕುಳಿತ ಮೊದಲನೆಯ ಗಂಡಸು ಅವನೇ ಇರಬೇಕು. ಅವನು ‘ಸ್ಸ್’ ಎಂದರೆ ಮಗುವು ನಗುತ್ತದಂತೆ. ಕೆಲಸ ಮಾತ್ರ ಇನ್ನೂ ಆಗುತ್ತಿಲ್ಲವಂತೆ.